ಒಂಬತ್ತನೇ ಕೋಣೆಯ ಬೆಂಕಿ

ಈ ಕುರ್ಚಿಯ ಕಾಲು ಇವತ್ತೂ ಕುಂಟುತ್ತಿದೆ, ಹೋದ ಮಂಗಳವಾರವೂ ಇದರಲ್ಲೇ ಕುಳಿತಿದ್ದೆ, ಗಾಜಿನ ಹಿಂದಿನ ಹುಡುಗಿ ಆಗಲೂ ತಲೆಯೆತ್ತದೆ ಹೇಳಿದ್ದಳು, ಡಿಟೆಕ್ಟಿವ್ ಬರ್ತಾರೆ ಮ್ಯಾಮ್, ಕೂತ್ಕೊಳ್ಳಿ — ಕೂತಿದ್ದೇನಲ್ಲ, ಐವತ್ತು ನಿಮಿಷದಿಂದ, ಸ್ಯಾನ್ ಡಿಯಾಗೋದ ಪೂರ್ವದಂಚಿನ ಈ ಸಣ್ಣ ಊರಲ್ಲಿ ಇಪ್ಪತ್ತೆರಡು ವರ್ಷ ಮೋಟೆಲ್ ನಡೆಸಿಯೂ ಪೊಲೀಸ್ ಠಾಣೆಯ ಬಾಗಿಲು ಕಾಣದ ನಾನು, ವನಜಾಕ್ಷಿ, ಹದಿನೈದೇ ದಿನದಲ್ಲಿ ಮೂರನೇ ಸಲ. ಮೊದಲ ಬೆಂಕಿ ಬಿದ್ದಾಗ ಬಂದ ಪೊಲೀಸಿನವನು ಲಾಂಡ್ರಿ ಕೋಣೆಯ ಕರಕಲನ್ನು ಬೂಟಿನ ತುದಿಯಿಂದ ತಳ್ಳಿ, ಹಳೇ ವೈರಿಂಗ್ ಇರಬೇಕು ಅಂದ, ವೈರಿಂಗಂತೆ, ವೈರಿಂಗಿಗೆ ಪೆಟ್ರೋಲಿನ ವಾಸನೆ ಇರುತ್ತದೆಯೇ, ವಾಪಸ್ ಹೋಗಿ ಎಂದು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ವೈರು ಬರೆಯುತ್ತದೆಯೇ, ಕೇಳಲು ಬಾಯಿ ತೆರೆದರೆ ಸುಪ್ರೀತಾ ಮೊಣಕೈ ಹಿಡಿದಳು, ಅಮ್ಮ, ಲೆಟ್ ಮಿ ಟಾಕ್ — ಇಲ್ಲೇ ಹುಟ್ಟಿದ ಮಗಳು, ನನ್ನ ಇಂಗ್ಲಿಷಿಗಿಂತ ನನ್ನ ಸಿಟ್ಟಿಗೆ ಹೆದರುತ್ತಾಳೆ. ಗಸ್ತಿನ ಕಾರು ಕಳಿಸ್ತೇವೆ ಅಂದರು, ಒಂದು ದಿನ ಬಂತು, ನಮ್ಮ ಅಂಗಳದಲ್ಲಿ ನಿಂತು ಕಾಫಿ ಕುಡಿದು ಹೋಯಿತು. ನಮಗೆ ಎಂತಕ್ಕೆ ಮಾರಾಯ್ತಿ ಇದೆಲ್ಲ ಎಂದು ಇವರು, ನನ್ನ ಗಂಡ ಕರುಣಾಕರ, ಮೊದಲೇ ಹೇಳಿದ್ದರು, ಆಶ್ರಯ ಕೇಳಿಕೊಂಡು ಗಡಿ ದಾಟಿ ಬಂದವರಿಗೆ ಕೋರ್ಟಿನ ತಾರೀಕಿನವರೆಗೆ ಇರಲು ಜಾಗ ಬೇಕು, ಮೋಟೆಲ್ ಕೊಡ್ತೀರಾ ಎಂದು ಸೇವಾ ಸಂಸ್ಥೆಯವರು ಕೇಳಿದಾಗ ಹೂಂ ಎಂದವಳು ನಾನು. ಇದೇ ವಿಷಯಕ್ಕೆ ಸೇರಿದ ನಗರಸಭೆಯ ಮೀಟಿಂಗಿನಲ್ಲಿ ಒಬ್ಬಳು ಎದ್ದುನಿಂತು, ನೀವೂ ಅವರೇ ಅಲ್ವಾ ಅಂದಳು, ಅಲ್ಲ, ನಾನು ವೀಸಾ ತೋರಿಸಿ ಬಂದವಳು ಎನ್ನಲು ಹೊರಟು ನಾಲಿಗೆ ಕಚ್ಚಿಕೊಂಡೆ — ಆ ಮಾತು ನನ್ನ ಬಾಯಿಗೆ ಬಂತಲ್ಲ, ಅದು ಈಗಲೂ ಗಂಟಲಲ್ಲೇ ಇದೆ.

ಎರಡನೆಯ ಬೆಂಕಿ ಭಾನುವಾರ, ನಡುಹಗಲು. ನಾವು ವಾಲ್‌ನಟ್‌ನಲ್ಲಿ, ಆ ಊರಲ್ಲಿರುವ ಇವರ ಅಣ್ಣನ ಮಗ ಅಮೋಘನ ಮಗಳ ನಾಮಕರಣದ ಊಟಕ್ಕೆ ಕೂತಿದ್ದೆವು, ಫೋನು, ಎಲೆ ಬಿಟ್ಟು ಎದ್ದದ್ದು, ಫ್ರೀವೇಯಲ್ಲಿ ಎರಡು ಗಂಟೆ, ಬಂದು ನೋಡಿದರೆ ಒಂಬತ್ತು, ಹತ್ತು, ಹನ್ನೊಂದು, ಮೂರೂ ಕೋಣೆ ಕಪ್ಪು, ಗುರುವಾರ ಬರಬೇಕಿದ್ದ ಐದು ಸಂಸಾರವನ್ನು ಸಂಸ್ಥೆಯವರು ಯಾವುದೋ ಚರ್ಚಿನ ನೆಲದ ಮೇಲೆ ಮಲಗಿಸಿದ್ದಾರಂತೆ. ಡಿಟೆಕ್ಟಿವ್ ಒಚೋವಾ ಕೇಳಿದ್ದೇನು, ಬೀಗ ಒಡೆದಿಲ್ಲ ಮ್ಯಾಮ್, ಕೀಲಿ ಯಾರ ಹತ್ತಿರ ಇದೆ, ಇನ್ಶೂರೆನ್ಸ್ ಯಾವಾಗ ರಿನ್ಯೂ ಮಾಡಿದ್ರಿ, ಸರಿಯಾಗಿ ಅವತ್ತೇ ಊರಲ್ಲಿರಲಿಲ್ಲ ಯಾಕೆ — ನಮ್ಮನ್ನೇ! ಎದುರಿನ ಟೈರ್ ಅಂಗಡಿಯ ಕ್ಯಾಮೆರಾ ನೋಡಿದ್ರಾ ಅಂದರೆ, ರಿಕ್ವೆಸ್ಟ್ ಕಳಿಸಬೇಕು, ಪ್ರೊಸೆಸ್ ಇದೆ. ಒಂಬತ್ತು ದಿನ ಪ್ರೊಸೆಸ್. ನಿನ್ನೆ ನಾನೇ ರಸ್ತೆ ದಾಟಿ ಕೇಳಿದೆ, ಟೈರಿನವನು ಕೈ ಒರೆಸಿಕೊಂಡು ಎರಡು ನಿಮಿಷದಲ್ಲಿ ಪೆನ್ ಡ್ರೈವಿಗೆ ಹಾಕಿಕೊಟ್ಟ, ಪೊಲೀಸರು ಯಾರೂ ಕೇಳಲೇ ಇಲ್ಲ ಅಂದ.

ಕೊನೆಗೂ ಒಳಗೆ ಕರೆದರು, ಸಣ್ಣ ಕೋಣೆ, ಒಚೋವಾ ಪೆನ್ ಡ್ರೈವ್ ಚುಚ್ಚುತ್ತಾನೆ, ಪರದೆಯ ಮೇಲೆ ಬಿಸಿಲು, ಟೋಪಿ, ಮಾಸ್ಕು, ಕೈಯಲ್ಲಿ ಕ್ಯಾನು, ನಮ್ಮ ಒಂಬತ್ತನೇ ಬಾಗಿಲು. ಮುಖ ಕಾಣಲ್ಲ, ಗಾಡಿ ನಂಬರೂ ಇಲ್ಲ, ಇದರಿಂದ ಏನೂ ಆಗಲ್ಲ ಮ್ಯಾಮ್. ಇನ್ನೊಮ್ಮೆ ಹಾಕಿ, ಅಂದೆ. ಅಮ್ಮ, ಪ್ಲೀಸ್, ಪಕ್ಕದಿಂದ ಸುಪ್ರೀತಾ. ನೀನು ಸುಮ್ಮನಿರು, ಇನ್ನೊಮ್ಮೆ ಹಾಕಿ. ಪರದೆಯ ಮೇಲಿನವನು ಕೀಲಿ ತಿರುಗಿಸುತ್ತಾನೆ, ಒಳಗೆ ಹೋಗುವ ಮೊದಲು ನಿಲ್ಲುತ್ತಾನೆ, ಕಾಲೊರೆಸಿನ ಮೇಲೆ ಎಡಗಾಲು, ಎಡಗಾಲು ಮತ್ತೊಮ್ಮೆ, ಬಲಗಾಲು — ದೇವರೇ. ಇದು ವಾರೆನ್. ಹನ್ನೊಂದು ವರ್ಷ ನಮ್ಮ ನಲ್ಲಿ, ನಮ್ಮ ಬೀಗ, ನಮ್ಮ ಏಸಿ ರಿಪೇರಿ ಮಾಡಿದವನು, ಮೊದಲ ದಿನ ಹೊಸ ಕಾರ್ಪೆಟ್, ಕಾಲೊರೆಸು ಎಂದು ನಾನೇ ಗದರಿದ್ದೆ, ಯೆಸ್ ಬಾಸ್ ಎಂದು ನಕ್ಕು ಹೀಗೇ ಒರೆಸಿದ್ದ, ಆಮೇಲೆ ಬೇಸಿಗೆಯಲ್ಲೂ ಬಿಡಲಿಲ್ಲ, ಇವರಿಗೆ ಎದೆನೋವು ಬಂದಾಗ ತನ್ನ ಟ್ರಕ್ಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದವನು, ನೀರುದೋಸೆಗೆ ಮೇಪಲ್ ಸಿರಪ್ ಸುರಿದು ತಿಂದವನು, ಮೀಟಿಂಗ್ ಆದಮೇಲೆ ಬರುವುದನ್ನೇ ಬಿಟ್ಟ, ಮೊಣಕಾಲು ನೋವು ಅಂದಿದ್ದ, ನಂಬಿದ್ದೆ. ಕೀಲಿ ಯಾರ ಹತ್ತಿರ ಎಂದು ಕೇಳಿದಾಗ ಅವನ ಹೆಸರು ನನಗೆ ನೆನಪಾಗಲೂ ಇಲ್ಲ, ಮನೆಯವನನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ. ಇವನು ಗೊತ್ತಾ ನಿಮಗೆ, ಒಚೋವಾ ಈಗ ಪೆನ್ನು ತೆಗೆದಿದ್ದಾನೆ, ಹದಿನೈದು ದಿನ ಈ ಪೆನ್ನಿಗಾಗಿ ಹಲ್ಲು ಕಡಿದೆನಲ್ಲ, ತೆಗೆಯದೇ ಇದ್ದಿದ್ದರೆ ಎಂದು ಅನ್ನಿಸುತ್ತಿದೆಯೇ ನನಗೆ — ಚರ್ಚಿನ ನೆಲದ ಮೇಲೆ ಮಕ್ಕಳು ಮಲಗಿವೆ, ವನಜಾಕ್ಷಿ. ವಾರೆನ್, ಅಂದೆ. ಸ್ಪೆಲ್ ಮಾಡ್ತೀರಾ ಮ್ಯಾಮ್. ಡಬ್ಲ್ಯೂ, ಎ, ಆರ್, ಮುಂದಿನ ಅಕ್ಷರ ಬರುತ್ತಿಲ್ಲ, ಪರದೆ ತಾನೇ ಮೊದಲಿನಿಂದ ಓಡುತ್ತಿದೆ, ಕ್ಯಾನು ಚೆಲ್ಲದಂತೆ ಪಕ್ಕಕ್ಕೆ ಹಿಡಿದು, ಎಡಗಾಲು, ಎಡಗಾಲು ಮತ್ತೊಮ್ಮೆ, ಬಲಗಾಲು