ಟೇಪು ಸುತ್ತುವ ಕಡೆ

ಇನ್ನೊಂದು ಹನಿ ಬಿತ್ತು. ಪೈಪಿನ ಕ್ಯಾಪಿನ ಕೆಳಗೆ ಹಾಸಿದ್ದ ಹಳೇ ಪೇಪರಿನ ಮೇಲೆ ಒದ್ದೆಯ ಕಲೆ ಅಗಲವಾಯಿತು. ಸೊಸೆ ಅದನ್ನು ನೋಡಿ, ಮಾವನ ಮುಖ ನೋಡಿ, ಏನೂ ಕಾಣದವಳ ಹಾಗೆ ಪಾನಾ ಒರೆಸತೊಡಗಿದಳು.

ಅಡುಗೆಮನೆಯ ಸಿಂಕನ್ನು ಆಚೆ ಗೋಡೆಗೆ ಸರಿಸಿದ್ದಾಗಿತ್ತು. ಹಳೇ ಪೈಪಿನ ಬಾಯಿಗೆ ಸೋರದ ಹಾಗೆ ಕ್ಯಾಪು ಕೂರಿಸುವುದೊಂದೇ ಬಾಕಿ. ಮಧ್ಯಾಹ್ನ ಟೈಲ್ಸಿನವನು ಬಂದು ಅದರ ಮೇಲೆ ಮುಚ್ಚಿಬಿಡುತ್ತಾನೆ. ಆಮೇಲೆ ಸೋರಿದರೆ ಗೋಡೆಯನ್ನೇ ಒಡೆಯಬೇಕು.

"ಏನ್ ಮೇಸ್ತ್ರಿಗಳೇ, ಹೆಸರು ಒಣಗೈ, ನೆಲ ಮಾತ್ರ ಒದ್ದೆ!" ಬಾಗಿಲಲ್ಲಿ ನಿಂತ ಮನೆಯಾಕೆ ನಕ್ಕಳು.

ಮಾವ ಮುಟ್ಟಿದ ಪೈಪು ಮತ್ತೆ ಸೋರುವುದಿಲ್ಲವೆಂದೇ ಜನ ಇಟ್ಟ ಹೆಸರು ಅದು. "ಕ್ಯಾಪೇ ಸರಿಯಿಲ್ಲಮ್ಮ," ಎಂದರು ಮಾವ.

ಸೊಸೆ ವಾಲ್ವ್ ಮುಚ್ಚಿ ಕ್ಯಾಪು ಬಿಚ್ಚಿದಳು. ಕ್ಯಾಪು ಸರಿಯಾಗೇ ಇತ್ತು. ಸೋರದಿರಲೆಂದು ಪೈಪಿನ ತಿರುಪಿನ ಗೆರೆಗಳಿಗೆ ಸುತ್ತಿದ್ದ ಬಿಳಿ ಟೇಪು ಮಾತ್ರ ಅದರೊಳಗೆ ಮುದ್ದೆಯಾಗಿ ಕೂತಿತ್ತು, ಥ್ರೆಡ್ಡು ಬರಿದಾಗಿತ್ತು. ಟೇಪು ಉಲ್ಟಾ ಸುತ್ತಿದರೆ ಮಾತ್ರ ಹೀಗಾಗುತ್ತದೆ. ಅವಳು ಪ್ಲಂಬಿಂಗ್ ಕೆಲಸಕ್ಕೆ ಸೇರಿಕೊಂಡ ಹೊಸದರಲ್ಲಿ ಇದೇ ತಪ್ಪು ಮಾಡಿದಾಗ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು: "ಕ್ಯಾಪು ತಿರುಗೋ ಕಡೆಗೇ ಟೇಪೂ ತಿರುಗ್ಬೇಕು ಮಗಾ. ನೀನು ಗಾಯಕ್ಕೆ ಬಟ್ಟೆ ಕಟ್ತಾ ಇದೀಯಾ?"

ಮಾವ ಮಾತಾಡುತ್ತಾ ಮೈಮರೆತಿರಬೇಕು ಎಂದುಕೊಂಡಳು. ಥ್ರೆಡ್ಡು ಉಜ್ಜಿ, ಒರೆಸಿ, ಟೇಪನ್ನು ಅವರ ಕೈಗಿಟ್ಟಳು. "ಇನ್ನೊಂದ್ಸಲ ಸುತ್ತಿಬಿಡಿ, ಮಾವ."

ಮಾವ ಸುತ್ತಿದರು. ಎಂದಿನ ಹಾಗೆ ಬಿಗಿಯಾಗಿ, ಒಂದೇ ಒಂದು ಸುಕ್ಕಿಲ್ಲದೆ. ಉಲ್ಟಾ.

"ಮಾವ..."

ಅವರ ಕೈ ನಿಂತಿತು. ಬಾಗಿಲ ಕಡೆ ನೋಡಿದರು. ಮನೆಯಾಕೆ ಒಳಗೆ ಟೈಲ್ಸಿನವನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದಳು. ಮಾವ ದನಿ ತಗ್ಗಿಸಿ ಕೇಳಿದರು:

"ಯಾವ ಕಡೆಗೆ ಮಗಾ?"

ತಮಾಷೆಯೇ ಇರಬೇಕೆಂದು ಅವಳು ಆ ದೊಡ್ಡ ನಗುವಿಗಾಗಿ ಕಾದಳು. ಅದು ಬರಲಿಲ್ಲ.

"ಇಲ್ಲಿ ಬೆಳಕೇ ಇಲ್ಲ, ಮಾವ," ಎಂದಳು. ಕಿಟಕಿಯ ಬಿಸಿಲು ನೇರವಾಗಿ ಪೈಪಿನ ಮೇಲೇ ಬಿದ್ದಿತ್ತು. "ನಾನು ಸುತ್ತೀನಿ. ನೀವು ಬಿಗಿ ಮಾಡಿ."

ವಾಲ್ವ್ ತೆರೆದು ಹೊಸ ಪೇಪರು ಹಾಸಿದರು. ಕಾದರು. ಪೇಪರು ಒಣಗಿಯೇ ಇತ್ತು.

"ಅದಕ್ಕೇ ನಿಮ್ಮನ್ನೇ ಕರೆಸೋದು," ಎಂದಳು ಮರಳಿ ಬಂದ ಮನೆಯಾಕೆ.

ಸೊಸೆ ಪೇಪರಿನಿಂದ ಕಣ್ಣೆತ್ತಿದಳು. ಮಾವ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತಿದ್ದರು. ಅವರ ತೋರುಬೆರಳು ಮೊಣಕಾಲಿನ ಮೇಲೆ ಮೆಲ್ಲಗೆ ಒಂದು ಸುತ್ತು ಬಂತು, ನಿಂತಿತು, ಮತ್ತೆ ಎದುರು ಕಡೆಗೆ ಹೊರಟಿತು.