ಮೂರನೆಯ ಕೆಂಪು

ಪೀಣ್ಯದ ಆ ರಬ್ಬರ್ ಕಾರ್ಖಾನೆಯ ಆಟೋಕ್ಲೇವ್ ಎಂದರೆ ಲಾರಿಯಷ್ಟು ಉದ್ದದ ಉಕ್ಕಿನ ಕೊಳವೆ. ಒಳಗೆ ಹಬೆ ತುಂಬಿ ರಬ್ಬರನ್ನು ಬೇಯಿಸುತ್ತಾರೆ. ಒಳಗೆ ಹಬೆ ಬಿಡುವ ಮುನ್ನ ಎಂಟು ಅಂಶಗಳನ್ನು ಪರೀಕ್ಷಿಸುವ ಪ್ರೋಗ್ರಾಂ ಸ್ಫೂರ್ತಿ ಬರೆದದ್ದು. ಮೊದಲ ತಪ್ಪು ಸಿಕ್ಕಿದೊಡನೆ ಅದು ಪರದೆಯಲ್ಲಿ ಕೆಂಪು ತೋರಿಸಿ ನಿಂತುಬಿಡುತ್ತಿತ್ತು; ಅದನ್ನು ತಿದ್ದಿದರೆ ಮಾತ್ರ ಮುಂದಿನದನ್ನು ಹೇಳುತ್ತಿತ್ತು. ಅದೇ ಅಚ್ಚುಕಟ್ಟು ಎಂದು ಅವಳು ನಂಬಿದ್ದಳು.

ಈಗ ಬದಲಿಸಿದ್ದಳು. ಒಂದೊಂದು ಅಂಶಕ್ಕೂ ಒಂದೊಂದು ಪುಟ್ಟ ಫಂಕ್ಷನ್, ಅಂದರೆ ಪ್ರೋಗ್ರಾಂನ ಬಿಡಿ ತುಣುಕು. ಒಂದು ಸೋತರೂ ಉಳಿದವು ನಿಲ್ಲುವುದಿಲ್ಲ. ತಪ್ಪುಗಳೆಲ್ಲ ಒಂದೇ ಪಟ್ಟಿಯಲ್ಲಿ ಬಂದು ಕೂಡುತ್ತವೆ. ಆಪರೇಟರ್ ಯಮನೂರನಿಗೆ ಸಮಯ ಉಳಿಯಲಿ ಎಂಬುದಷ್ಟೇ ಅವಳ ಉದ್ದೇಶವಾಗಿತ್ತು.

ಹನ್ನೊಂದು ಗಂಟೆಗೆ ಅವಳು ಬಂದಾಗ ಒಳಗೆ ರಬ್ಬರ್ ಆಗಲೇ ಬೇಯುತ್ತಿತ್ತು. ಯಮನೂರ ಆಟೋಕ್ಲೇವಿನ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಹೊಸ ಪ್ರೋಗ್ರಾಂ ಯಾಕೆಂದು ಅವಳು ವಿವರಿಸಿದಾಗ ನಕ್ಕುಬಿಟ್ಟ.

"ನಿಮ್ಮ ಕಂಪ್ಯೂಟರ್ ಅತ್ತಿ ಇದ್ದಂಗ ಐತ್ರಿ ಮೇಡಂ. ಎರಡು ಸಲ ಹೇಳಿದ್ದು ಕೇಳತೀವಿ. ಮೂರನೇ ಸಲಾನೂ ಕೆಂಪಾತಂದ್ರ ಬೈಪಾಸ್ ಕೀಲಿ ತಿರುವಿ ಚೆಕ್ಕಿಂಗ್ ದಾಟಿಬಿಡತೀವಿ."

"ಇವತ್ತು ಮೂರನೇದು ಏನಿತ್ತು?"

"ಗಾಳಿ ಪ್ರೆಷರ್ ಕಡಿಮಿ ಅಂತಿತ್ರಿ. ಅದೇನ್ ದೊಡ್ಡದಲ್ಲ."

ಸ್ಫೂರ್ತಿ ಲ್ಯಾಪ್‌ಟಾಪ್ ತೆರೆದಳು. ಗಾಳಿಯ ಬಲದಿಂದ ನಡೆಯುವ ಭಾಗಗಳ ಪರೀಕ್ಷೆಯನ್ನು ಅವಳು ಗಾಳಿಯ ನಂತರವೇ ಇಟ್ಟಿದ್ದಳು; ಹಳೆಯ ಪ್ರೋಗ್ರಾಂ ಅವುಗಳವರೆಗೆ ಹೋಗಿಯೇ ಇರಲಿಲ್ಲ. ಈ ಹೊತ್ತಿನ ಅಂಕಿಗಳನ್ನು ಹೊಸ ಪ್ರೋಗ್ರಾಂಗೆ ಕೊಟ್ಟಳು. ಒಂದರ ಕೆಳಗೊಂದು ಮೂರು ಸಾಲು ಮೂಡಿದವು. ಗಾಳಿ ಕಡಿಮೆ. ಹಬೆ ಹೊರಬಿಡುವ ವಾಲ್ವ್ ಅಲುಗುತ್ತಿಲ್ಲ. ಬಾಗಿಲ ಬೀಗದ ಗೂಟ ಅರ್ಧಕ್ಕೇ ನಿಂತಿದೆ.

"ಯಮನೂರ, ಸ್ಟೂಲ್ ಬಿಟ್ಟು ಈಚೆ ಬನ್ನಿ. ಬಾಗಿಲ ಮುಂದೆ ಹಾಯಬೇಡಿ, ಅದು ಸಿಡಿಯಬಹುದು."

ತಮಾಷೆಯಲ್ಲವೆಂದು ಅವಳ ಮುಖ ನೋಡಿ ತಿಳಿದುಕೊಂಡ. ಒಳಬರುವ ಹಬೆಯನ್ನು ನಿಲ್ಲಿಸಿ, ಶೆಡ್ಡಿನಲ್ಲಿದ್ದವರನ್ನೆಲ್ಲ ರಸ್ತೆಗೆ ಕಳಿಸಿದರು. ತುಂಬಿದ ಹಬೆಯನ್ನು ಕೈಯಿಂದ ಹೊರಬಿಡುವ ಚಕ್ರವಿತ್ತು, ಆದರೆ ಅದು ಬಾಗಿಲಿಗೆ ಒಂದು ಮೊಳ ದೂರದಲ್ಲಿತ್ತು. ತಾನಾಗಿ ತಣಿಯುವವರೆಗೆ ಕಾಯುವುದೊಂದೇ ದಾರಿ.

ಗೇಟಿನಾಚೆ ನಿಂತು ಅವಳು ಲ್ಯಾಪ್‌ಟಾಪ್ ನೋಡಿದಳು. ಒತ್ತಡ ಕೂದಲೆಳೆಯಷ್ಟು ಇಳಿದಿತ್ತು. ಗೂಟ ಅಲ್ಲೇ ಇತ್ತು. ಹಳೆಯ ಪ್ರೋಗ್ರಾಂ ಹಾಕಿದ ಈ ಎರಡು ವರ್ಷದಲ್ಲಿ ಆ ಕೀಲಿ ಎಷ್ಟು ಸಲ ತಿರುಗಿತ್ತೋ.

ಯಮನೂರನ ದನಿ ಇಳಿದಿತ್ತು. "ಮಾಕಳಿ ಫ್ಯಾಕ್ಟರಿಯಾಗೂ ಇಂಥಾದ್ದ ಐತ್ರಿ, ನಿಮ್ಮದ ಪ್ರೋಗ್ರಾಂ. ನನ್ನ ತಮ್ಮ ಹನುಮೇಶ ನಡಸ್ತಾನ. ಕೀಲಿ ತಿರುವೂದು ಅವಗ ನಾನ ಕಲಿಸೀನಿ."

ಆಗಲೇ ಅವನು ಫೋನು ಕಿವಿಗಿಟ್ಟಿದ್ದ. ಹನುಮೇಶ ಎತ್ತಿಕೊಂಡ. ಇವತ್ತೂ ಮೂರನೇ ಸಲ ಕೆಂಪಾಯಿತು, ಕೀಲಿ ತಿರುವಿ ಈಗಷ್ಟೇ ಒಳಗೆ ಹಬೆ ಬಿಟ್ಟೆ ಎಂದ.

ಯಮನೂರ ಬಹಳ ಮೆಲ್ಲಗೆ ಕೇಳಿದ:

"ತಮ್ಮಾ, ಈಗ ಎಲ್ಲಿ ನಿಂತೀ?"