ಜಾಲರಿಗೆ ಹಚ್ಚಿದ ಸಿಂಧೂರ

ಬಸವಲಿಂಗಪ್ಪ ಕುರ್ಚಿಯಲ್ಲೇ ತೂಕಡಿಸುತ್ತಿದ್ದ. ಕಣ್ಣು ಮುಚ್ಚಿದರೆ ಸಾಕು, ಹೆಂಡತಿ ಗಂಗೂಬಾಯಿ ಕೋಲಿಲ್ಲದೆ ಕಾಳಿಘಾಟಿನ ಬೀದಿಯಲ್ಲಿ ನಡೆದುಹೋಗುತ್ತಾಳೆ. ಗಾಳಿಪಟಗಳು ಅವಳ ಸೆರಗು ಸವರಿಕೊಂಡು ಮೇಲೇಳುತ್ತವೆ. ಇವನು ಕೂಗಿದರೂ ನಿಲ್ಲುವುದಿಲ್ಲ, ನಗುತ್ತಾಳೆ ಅಷ್ಟೇ. ಹನ್ನೆರಡು ದಿನಗಳಿಂದ ಇದೇ ಕನಸು, ಅದೂ ಹಾಡಹಗಲೇ!

ಕನಸಿಗೆ ಕಾರಣ ಎದುರಿಗಿದ್ದ ಯಂತ್ರ. ಕಲ್ಕತ್ತೆಯ ಸೆಕ್ಟರ್ ಫೈವಿನ ಆ ಪ್ರಯೋಗಾಲಯದಲ್ಲಿ ಅದು ಹೆಬ್ಬೆರಳುಗಾತ್ರದ ಲೋಹದ ಜಾಲರಿಯೊಂದನ್ನು ಸೆಕೆಂಡಿಗೆ ಹತ್ತು ಸಲ ಅದುಮಿ ಬಿಡುತ್ತಿತ್ತು. ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸಿ ಪ್ರಿಂಟು ಮಾಡಿದ ಜಾಲರಿ. ಒಂದು ಕೋಟಿ ಸಲ ತಡೆದುಕೊಂಡರೆ ಪಾಸು. ಪಾಸಾದರೆ ಅದೇ ಜಾಲರಿಯಿಂದ ಮಾಡಿದ ಸೊಂಟದ ಕೀಲು ಮೊದಲ ಐವರು ರೋಗಿಗಳಿಗೆ. ಆ ಪಟ್ಟಿಯಲ್ಲಿ ಗಂಗೂಬಾಯಿಯ ಹೆಸರೂ ಇತ್ತು. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾಗಿ ಇಲ್ಲಿ ಯಂತ್ರ ಕಾಯುತ್ತಿದ್ದವನಿಗೆ ಇನ್ನೇನು ಬೇಕು?

ಅವತ್ತು ವಿಶ್ವಕರ್ಮ ಪೂಜೆ. ಕಲ್ಕತ್ತೆಯಲ್ಲಿ ಅವತ್ತು ಯಂತ್ರ ಓಡಿಸುವುದುಂಟೇ! ತೊಂಬತ್ತೊಂಬತ್ತು ಲಕ್ಷ ಇಪ್ಪತ್ತು ಸಾವಿರಕ್ಕೆ ನಿಲ್ಲಿಸಿದರು. ಎಲ್ಲರೂ ಎಣ್ಣೆಯಲ್ಲಿ ಕಲಸಿದ ಸಿಂಧೂರವನ್ನು ಯಂತ್ರದ ಕಂಬಕ್ಕೆ ಹಚ್ಚಿದರೆ, ಈ ಮಹಾರಾಯ ಜಾಲರಿಗೇ ಹಚ್ಚಿಬಿಟ್ಟ. ನಾಳೆ ಹೆಂಡತಿಯ ಮೈ ಸೇರುವ ವಸ್ತು, ಮುತ್ತೈದೆಗೆ ಕುಂಕುಮ ಬೇಡವೇ?

“ಕಾಕಾ! ಸ್ಯಾಂಪಲ್‌ಗೆ ಯಾಕೆ ಹಚ್ಚಿದ್ರಿ?” ಜಾಲರಿಯ ವಿನ್ಯಾಸ ಮಾಡಿದ ಪೂರ್ವಿ ಹೌಹಾರಿದಳು. ಇದೇ ಊರಿನ ಬೆಹಾಲಾದಲ್ಲಿ ಬೆಳೆದ ಕನ್ನಡಿಗರ ಹುಡುಗಿ, ಸಿಟ್ಟು ಬಂದಾಗ ಮಾತ್ರ ಕನ್ನಡ ಸರಾಗ. “ಎಲ್ಲಾ ಕ್ಲೀನ್ ಮಾಡಿ, ಪ್ಲೀಸ್!” ಎಂದು ನೈವೇದ್ಯದ ಖಿಚುಡಿ ಬಡಿಸುತ್ತಿದ್ದ ಕಡೆ ಹೋದಳು.

ಬಟ್ಟೆಯಿಂದ ಒರೆಸಿದ. ಜಿಡ್ಡು ಹೋಗಲೊಲ್ಲದು. ಜೇಬಿನಲ್ಲಿ ಸದಾ ಇರುವ ವಿಭೂತಿ ಗಟ್ಟಿಯನ್ನು ಪುಡಿಮಾಡಿ ಉದುರಿಸಿದ, ಹೀರಿಕೊಳ್ಳಲಿ ಎಂದು. ಜಾಲರಿ ಬೆಳ್ಳಗೆ ಕೂತಿತು. ಇವನಿಗೆ ಮತ್ತೆ ಮಂಪರು ಹತ್ತಿತು.

ಎಚ್ಚರವಾದಾಗ ಬಿಳುಪಿನ ನಡುವೆ, ಎರಡು ಎಳೆಗಳು ಕೂಡುವ ಕಡೆ, ಕೂದಲಿನಷ್ಟು ಸಣ್ಣ ಕೆಂಪು ಗೆರೆ ಮೂಡಿತ್ತು. ರೈಲುಗಾಲಿಯ ಅಚ್ಚುಗಳಿಗೆ ಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಬಳಿದು ಬಿರುಕು ಹುಡುಕಿದ ಕೈ ಅವನದು. ಬಿರುಕಿನಲ್ಲಿ ಅಡಗಿದ ಎಣ್ಣೆ ಹೀಗೆಯೇ ಒಸರುತ್ತದೆ.

ಇನ್ನು ಎಂಬತ್ತು ಸಾವಿರ ಸಲ, ಅಂದರೆ ಎರಡೂಕಾಲು ಗಂಟೆ. ಅಷ್ಟು ಹೊತ್ತು ಜಾಲರಿ ಹೇಗೂ ತಾಳುತ್ತಿತ್ತು. ಒರೆಸಿಬಿಟ್ಟರೆ ಯಾರಿಗೆ ಗೊತ್ತು? ಬಟ್ಟೆ ಆಗಲೇ ಕೈಯಲ್ಲಿತ್ತು. ಕಣ್ಣು ಮುಚ್ಚಿದ. ಗಂಗೂಬಾಯಿ ನಡೆಯುತ್ತಿದ್ದಳು, ಇವನು ಅವಳ ಹೆಜ್ಜೆ ಎಣಿಸುತ್ತಿದ್ದ. ನಟ್ಟನಡು ಬೀದಿಯಲ್ಲಿ ಅವಳು ಸೊಂಟ ಹಿಡಿದು ನಿಂತುಬಿಟ್ಟಳು. ಈ ಸಲ ನಗಲಿಲ್ಲ.

ಬಟ್ಟೆ ಕೆಳಗಿಟ್ಟು ಕೂಗಿದ. “ಪೂರ್ವಿ, ಇಲ್ಲಿ ಬಾರವ್ವಾ. ಇದು ಸೀಳೈತಿ.”

ಪೂರ್ವಿ ಬಗ್ಗಿ ನೋಡಿದಳು. ಮೂರು ವರ್ಷದ ಕೆಲಸ, ಕಣ್ಣು ತುಂಬಿ ಬಂತು. “ಕಾಕಾ… ಗಂಗೂ ಕಾಕೂ ಆಪರೇಷನ್?”

ಬಸವಲಿಂಗಪ್ಪ ಮನೆಗೆ ಫೋನ್ ಹಚ್ಚಿದ. “ಗಂಗೂ, ಇನ್ನೊಂದ್ ವರ್ಷ ಕೋಲ ಹಿಡೀಬೇಕಾಕ್ಕೈತಿ.”

“ಯಾಕ್ರೀ, ಯಾರು ಬ್ಯಾಡ ಅಂದ್ರು?”

“ನಾನ ಅಂದೆ.”

“ಹಂಗಾರ ಸರಿ ಬಿಡ್ರಿ,” ಎಂದಳು ಗಂಗೂಬಾಯಿ. “ಬರೂ ಮುಂದ ಕೋಲಿಗೆ ಹೊಸಾ ರಬ್ಬರ್ ತಗೊಂಡ್ ಬರ್ರಿ. ಹಳೇದು ಸವದೈತಿ.”